ತಾಂಬೂಲದ ತಟ್ಟೆಯ ನೋಟು

ಹೊಣಕೆರೆಯ ದ್ಯಾವಮ್ಮನ ಮನೆಯಲ್ಲಿ ಯಾವ ಗಂಡಿಗೆ ಮದುವೆ ಗೊತ್ತಾದರೂ ತಾಳಿ ಆಗುವುದು ಪಾಂಡವಪುರದ ಅಕ್ಕಸಾಲಿಗ ಚಂದ್ರಶೇಖರಾಚಾರ್ಯರ ಮನೆಯಲ್ಲೇ. ಒಳ್ಳೆಯ ದಿನ ನೋಡಿ ಎರಡೂ ಕಡೆಯವರು ಬರುತ್ತಾರೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ಜೋಡಿಸಿದ ತಟ್ಟೆಯಲ್ಲಿ ಚಿನ್ನವನ್ನೂ ಮೇಲೊಂದು ನೋಟನ್ನೂ ಇಟ್ಟು ಆಚಾರ್ಯರ ಕೈಗೆ ಕೊಡುತ್ತಾರೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಕುಲುಮೆಯ ಮುಂದೆ ಕೂತರೆ ಚಿನ್ನ ಮುಟ್ಟಿಸುವ ಶಾಸ್ತ್ರ ಮುಗಿದ ಹಾಗೆ. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೂ ಹಿರಿಯರ ಮುಖ ಬಾಡುತ್ತದೆ.

ಅದಕ್ಕೇ ಈ ಶಾಸ್ತ್ರವಿರುವ ದಿನ ಆಚಾರ್ಯರ ಸೊಸೆ ವೀಣಳಿಗೆ ಬೆಳಗಿನಿಂದಲೇ ಆತಂಕ. ಡಿಗ್ರಿ ಓದಿದವಳು, ಶಕುನ ಗಿಕುನ ನಂಬುವವಳಲ್ಲ. ಆದರೆ ನಂಬುವವರ ಮನಸ್ಸು ತನ್ನ ಮನೆಯಲ್ಲಿ ಮುರಿಯಬಾರದಲ್ಲ!

ಈ ಸಲದ ಮದುವೆ ದ್ಯಾವಮ್ಮನ ಮೊಮ್ಮಗ ಶಿವಶಂಕರನದು. ದ್ಯಾವಮ್ಮ ಬಂದು ತಾನೇ ತಟ್ಟೆ ಜೋಡಿಸಿಟ್ಟಿದ್ದಳು. ಕೆ.ಆರ್.ಪೇಟೆಯಿಂದ ಹುಡುಗಿಯ ತಾಯಿ ಜಯಲಕ್ಷ್ಮಮ್ಮ ಬಂದಿದ್ದಳು. ಹೊಸ ಬೀಗಿತ್ತಿ, ಕಣ್ಣು ಚುರುಕು. ತಟ್ಟೆಗೆ ಹೂವಿಡಲು ಬಗ್ಗಿದ ವೀಣ ಹಾಗೇ ನಿಂತುಬಿಟ್ಟಳು.

ಮೇಲಿದ್ದ ನೋಟು ನೋಟಾಗಿರಲಿಲ್ಲ. ಕನ್ನಡ ಅಂಕಿಯಲ್ಲಿ ದೊಡ್ಡದಾಗಿ ೫೦, ಒಂದು ಕಡೆ ಹಂಪಿಯ ಕಲ್ಲಿನ ರಥ, ಇನ್ನೊಂದು ಕಡೆ ಶ್ರೀರಂಗಪಟ್ಟಣದ ಗೋಪುರ, ನಡುವೆ ಗಂಡಭೇರುಂಡ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಐವತ್ತು ವರ್ಷ ತುಂಬಿದ ನೆನಪಿಗೆ ಯಾವುದೋ ಸಂಘದವರು ಅಚ್ಚು ಹಾಕಿಸಿದ್ದು. ಮೂಲೆಯಲ್ಲಿ ಸಣ್ಣಕ್ಷರ: ‘ನೆನಪಿಗಾಗಿ ಮಾತ್ರ, ಚಲಾವಣೆಗಲ್ಲ.’

ಯಾರೋ ಅಜ್ಜಿಗೆ ಚಿಲ್ಲರೆಯ ಜೊತೆ ಸೇರಿಸಿ ಟೋಪಿ ಹಾಕಿದ್ದಾರೆ! ಬೀಗಿತ್ತಿ ನೋಡಿದರೆ ಹೊಣಕೆರೆಯವರು ಖೋಟಾ ನೋಟಿಟ್ಟು ತಾಳಿ ಮಾಡಿಸಿದರೆಂಬ ಮಾತು ಕೆ.ಆರ್.ಪೇಟೆ ತುಂಬ ಹಬ್ಬುತ್ತದೆ. ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದರು. ಹೆಂಗಸರಿಬ್ಬರೂ ಗೋಡೆಯ ಫೋಟೋ ನೋಡುತ್ತಿದ್ದರು. ವೀಣ ಆ ನೋಟನ್ನು ಸೆರಗಿನೊಳಗೆ ಸೇರಿಸಿ, ತನ್ನ ಪರ್ಸಿನ ಐನೂರರ ನೋಟನ್ನು ಎಲೆಯ ಮೇಲಿಟ್ಟಳು.

ಮಾವ ಬಂದು ಕೂತರು. ದ್ಯಾವಮ್ಮ ತಟ್ಟೆ ಎತ್ತಿದಳು. ಎತ್ತಿದವಳು ಮತ್ತೆ ಕೆಳಗಿಟ್ಟಳು.

“ತಡಿ ತಡಿ! ನನ್ ನೋಟೆಲ್ಲೋಯ್ತು?”

“ಅಲ್ಲೇ ಐತಲ್ಲ ಬೀಗ್ತಮ್ಮ, ಗರಿಗರಿ ಐನೂರು,” ಅಂದಳು ಜಯಲಕ್ಷ್ಮಮ್ಮ.

“ಅಯ್, ಇದ್ಯಾರಿಗ್ ಬೇಕು? ನಾನ್ ಮಡಗಿದ್ದು ಗೋಪುರುದ್ದು!”

ವೀಣಳಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಸೆರಗಿನಿಂದ ನೋಟು ತೆಗೆದು ಹಿಡಿದಳು. “ನಾನೇ ತೆಗೆದೆ ಅಜ್ಜಿ. ಇದು ಅಂಗಡೀಲಿ ನಡೆಯೋ ನೋಟಲ್ಲ. ಬೀಗರ ಮುಂದೆ ನಿಮಗೆ ಕಸಿವಿಸಿ ಆಗ್ಬಾರದು ಅಂತ...”

ದ್ಯಾವಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ನಡಿಯಾಕಿಲ್ಲ ಅಂತ್ಲೇ ಕಣವ್ವ ಮಡಗಿದ್ದು! ಪಟ್ಣದಲ್ಲಿ ಉಡ್ಕಿ ತಂದಿವ್ನಿ. ನನ್ ಮದ್ವೇಲಿ ನಿಮ್ಮಾವುನ್ ಅಪ್ಪಂಗೆ ನಮ್ಮತ್ತೆ ಬೆಳ್ಳಿ ರೂಪಾಯಿ ಮಡಗಿ ಚಿನ್ನ ಮುಟ್ಸಿದ್ಲು. ಆವಪ್ಪ ಕುಲುಮೆ ಆರ್ಸಿ, ಅದ್ನ ಮುರ್ಸ್ಕಂಡು ಮೈಸೂರ್ಗೋಗಿ ಸರ್ಕಸ್ ನೋಡ್ಕಂಡ್ ಬಂದ್ಬುಟ್ಟ! ಗಟ್ಟಿಮೇಳದ ಹೊತ್ಗೆ ಓಡ್ಬಂದು ತಾಳಿ ಕೊಟ್ಟ. ಅಲ್ಲೀಗಂಟ ನಮ್ಮತ್ತೆ ಬಾಯಿ ಬಡ್ಕಂಡಿದ್ದೇ ಬಡ್ಕಂಡಿದ್ದು. ಇದ್ನ ಯಾವ್ ಸರ್ಕಸ್ನೋನು ಈಸ್ಕತಾನೆ, ನೋಡಾನ!”

“ಅಪ್ಪ ಒಬ್ಬನೇ ಹೋಗಿರ್ಲಿಲ್ಲ ದ್ಯಾವಮ್ಮ,” ಆಚಾರ್ಯರು ಮೆಲ್ಲಗೆ ಹೇಳಿದರು. “ಅವನ ಹೆಗಲ ಮೇಲೆ ಕೂತು ಆನೆ ಫುಟ್ಬಾಲ್ ಆಡೋದ್ನ ನೋಡಿದ್ದು ನಾನೇ.”

“ಅಂಗಾದ್ರೆ ನೀನೂ ಕಳ್ಳನೇಯಾ, ಲಾ!”

ಜಯಲಕ್ಷ್ಮಮ್ಮ ನಕ್ಕು ನಕ್ಕು ಗೋಡೆಗೊರಗಿದಳು. “ನಮ್ ಹುಡ್ಗಿ ನಗೋ ಮನೆಗೇ ಸೇರ್ತಾವ್ಳೆ ಬುಡಿ,” ಎಂದು ಕಣ್ಣೊರೆಸಿಕೊಂಡಳು.

ವೀಣ ತನ್ನ ಐನೂರನ್ನು ತೆಗೆಯಲು ಕೈ ಚಾಚಿದಳು. ದ್ಯಾವಮ್ಮ ಅವಳ ಕೈಮೇಲೆ ಮೆಲ್ಲಗೆ ಹೊಡೆದಳು. “ತಟ್ಟೆಗಿಟ್ಟಿದ್ದ ತೆಗೀಬಾರ್ದು. ಚೆನ್ನಾಗ್ ಆಯ್ತು ನಿಂಗೆ!”

ಆಚಾರ್ಯರು ಐನೂರನ್ನು ಬೆಳಕಿಗೆ ಹಿಡಿದರು. “ಈಗ ಮೈಸೂರಲ್ಲಿ ಸರ್ಕಸ್ ಐತೇನಮ್ಮ ವೀಣ?”

“ಮೊದ್ಲು ತಾಳಿ, ಮಾವ!” ಅಂದವಳು ವೀಣ. ಅಷ್ಟು ಜೋರಾಗಿ ಆ ಮನೆಯಲ್ಲಿ ಅವಳು ಎಂದೂ ಮಾತಾಡಿರಲಿಲ್ಲ. ಗೋಪುರದ ನೋಟನ್ನು ತಾನೇ ಎಲೆಯ ಮೇಲಿಟ್ಟು, ದ್ಯಾವಮ್ಮನ ಜೊತೆ ಒಂದು ಅಂಚಿಗೆ ಕೈ ಕೊಟ್ಟು ತಟ್ಟೆ ಎತ್ತಿದಳು. ಮಾವ ಕಣ್ಣಿಗೊತ್ತಿಕೊಂಡು ಕುಲುಮೆಯತ್ತ ತಿರುಗಿದರು. ಚಿನ್ನ ಕೆಂಡದ ಬಣ್ಣಕ್ಕೆ ತಿರುಗಿದಾಗಲೂ ಹೆಂಗಸರ ನಗು ನಿಂತಿರಲಿಲ್ಲ.