ಬಾಯಿಗೆ ನೀರು

ಹೆಣ ಜಾರದ ಹಾಗೆ ಅಂಬಣ್ಣ ಹಳೇ ಸೀರೆಯನ್ನು ಎದೆಗೆ ಬಳಸಿ ಪ್ಲಾಸ್ಟಿಕ್ ಕುರ್ಚಿಗೆ ಬಿಗಿದ. ದೊಮ್ಮಲೂರಿನ ಹಳೇ ಮನೆತನಗಳಲ್ಲಿ ಯಾರು ಸತ್ತರೂ ಮುಂದೆ ನಿಂತು ಶಾಸ್ತ್ರ ಮಾಡಿಸುವವನು ಅವನೇ. ಗಂಗಲಕ್ಷ್ಮಮ್ಮನ ಕತ್ತು ಒಂದು ಕಡೆಗೆ ವಾಲಿತು. ಮಗ ಶ್ರೀನಾಥ್ ಕಾರು ತೊಳೆಯುವ ಪೈಪನ್ನು ಎಳೆದು ತಂದು ತಾಯಿಯ ನೆತ್ತಿಗೆ ಹಿಡಿದ. ನೀರಿನ ರಭಸಕ್ಕೆ ಮುಖ ಇನ್ನೊಂದು ಕಡೆಗೆ ಹೊರಳಿತು.

"ಚೊಂಬಲ್ಲಿ ಹಾಕಪ್ಪಾ," ಎಂದಳು ಸತ್ತವಳ ತಂಗಿ ಅಮೃತಮ್ಮ.

"ವಾಸನೆ ಹೋಗ್ಬೇಡ್ವಾ ಚಿಕ್ಕಮ್ಮ?"

ಹಿಂದೆ ಯಾರೋ ಕಿಸಕ್ಕೆಂದರು.

ಅಮೃತಮ್ಮ ಗೋಡೆಗೆ ಒರಗಿ ತೊಡೆ ಬಿಗಿಹಿಡಿದು ನಿಂತಿದ್ದಳು. ಜೋಗುಪಾಳ್ಯದಿಂದ ಹೊರಡುವಾಗ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಆದರೂ ಸೀರೆಯೊಳಗೆ ಮಡಿಸಿಟ್ಟ ಬಟ್ಟೆ ಆಗಲೇ ಒದ್ದೆಯಾಗಿ ಬಿಸಿಯಾಗಿತ್ತು. ಇಲ್ಲಿ ಗೊತ್ತಾದರೆ ಸಂಜೆಯೊಳಗೆ ತನ್ನ ಮಗನ ಕಿವಿಗೂ ಬೀಳುತ್ತದೆ. ಆಮೇಲೆ ತನಗೂ ಅಕ್ಕನ ಗತಿಯೇ.

ಹೆಂಗಸರು ಸೀಗೆಪುಡಿ ಹಾಕಿ ಹೆಣದ ತೋಳು ಉಜ್ಜಿದರು. ಮೊಣಕೈಯಿಂದ ಭುಜದವರೆಗೆ ನೀಲಿ ಬಾಸುಂಡೆಗಳಿದ್ದವು.

"ಬಾತ್‌ರೂಮಲ್ಲಿ ಜಾರಿ ಬಿದ್ರು," ಎಂದಳು ಸೊಸೆ ಸುಕನ್ಯ, ಯಾರೂ ಕೇಳುವ ಮೊದಲೇ.

*

ಅಮೃತಮ್ಮ ಕಡೇ ಸಲ ಬಂದಾಗ ಅಕ್ಕ ಟೆರೇಸಿನ ಶೀಟಿನ ರೂಮಿನಲ್ಲಿದ್ದಳು. ಮೊಮ್ಮಗಳ ನಿಶ್ಚಿತಾರ್ಥದ ದಿನ ಬೀಗರ ಎದುರು ಅಕ್ಕ ಕೂತಿದ್ದ ಸೋಫಾ ಒದ್ದೆಯಾಗಿತ್ತು. ಶ್ರೀನಾಥ್ ಅಲ್ಲೇ ಕೆನ್ನೆಗೆ ಬಾರಿಸಿ ಮೇಲಕ್ಕೆ ಹತ್ತಿಸಿದ್ದ. ಆಮೇಲೆ ಅವಳನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ.

"ಬೆಳಗ್ಗೆ ಒಂದು ಲೋಟ ನೀರು, ಅಷ್ಟೇ," ಎಂದಳು ಅಕ್ಕ. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. "ಕುಡಿದ್ರೆ ತಾನೇ ಒದ್ದೆ ಆಗೋದು ಅಂತಾನೆ. ಮೊನ್ನೆ ನಲ್ಲಿಗೆ ಬಾಯಿ ಇಟ್ಟಿದ್ದು ನೋಡ್ಬಿಟ್ಟ. ಪೈಪಲ್ಲಿ ಹೊಡ್ದ."

"ಡಾಕ್ಟ್ರಿಗೆ ತೋರಿಸೋಣ ಬಾ ಅಕ್ಕ."

"ಏನಂತ ಹೇಳ್ಲಿ ಅವರಿಗೆ? ಬಿಡು, ನಿಂಗೇನು ಗೊತ್ತು ಈ ಕರ್ಮ."

ನಂಗೂ ಆಗುತ್ತೆ ಅಕ್ಕ ಎನ್ನುವ ಮಾತು ಅಮೃತಮ್ಮನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡು ಮೆಟ್ಟಿಲಿಳಿದಿದ್ದಳು.

*

"ಮೊದಲು ಮಗ ಬಾಯಿಗೆ ನೀರು ಬಿಡ್ಬೇಕು. ಬಾಪ್ಪಾ," ಎಂದ ಅಂಬಣ್ಣ.

ಶ್ರೀನಾಥ್ ತುಳಸಿ ಹಾಕಿದ ಚೊಂಬು ಹಿಡಿದು, ಇನ್ನೊಂದು ಕೈಯಿಂದ ತಾಯಿಯ ದವಡೆ ಅಗಲಿಸಿದ. ಅಮೃತಮ್ಮ ಬಂದು ಅವನ ಮುಂಗೈ ಹಿಡಿದಳು.

"ನೀನು ಬಿಡ್ಬೇಡ."

"ಕೈ ತೆಗಿ ಚಿಕ್ಕಮ್ಮ. ಜನ ನೋಡ್ತಾವ್ರೆ."

"ನೋಡ್ಲಿ. ನಲ್ಲಿ ನೀರು ಕುಡಿದ್ಲು ಅಂತ ಹೊಡೆದೋನು ನೀನು. ಈಗ ಸತ್ತೋಳಿಗೆ ಕುಡಿಸ್ತೀಯ?"

"ದಿನಾ ಉಚ್ಚೆ ಬಳಿದೋರು ನಾವು. ನಿಂಗೇನು ಗೊತ್ತು?"

ಮೊಣಕೈಯಿಂದ ಅವಳ ಎದೆಗೆ ಗುದ್ದಿದ. ಅವಳು ಹೊರಳಿ, ಮುಖ ಗೋಡೆಗೆ ಬಡಿದು ತುಟಿ ಒಡೆಯಿತು. ಅಮೃತಮ್ಮ ಮತ್ತೆ ನುಗ್ಗಿ ಅವನ ಮುಂಗೈಗೆ ಬಾಯಿ ಹಾಕಿ, ಹಲ್ಲು ನಾಟುವ ತನಕ ಕಚ್ಚಿದಳು. ಅವನ ಹಿಡಿತ ಸಡಿಲವಾಗಿ ಚೊಂಬು ಅವಳ ಕೈಗೆ ಬಂತು. ಅದೇ ಹೊತ್ತಿಗೆ ಅವಳ ಕಾಲುಗಳ ನಡುವಿನಿಂದ ಬಿಸಿಯಾಗಿ ಇಳಿದು, ಸಿಮೆಂಟಿನ ಮೇಲೆ ಹರಡಿತು. ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು.

"ಇವ್ರಿಗೂನಾ," ಎಂದಳು ಸುಕನ್ಯ.

ಶ್ರೀನಾಥ್ ರಕ್ತದ ಕೈ ಒತ್ತಿಕೊಂಡೇ ನಕ್ಕ. "ನೋಡ್ಕೊಳಿ. ವಂಶದಲ್ಲೇ ಐತೆ."

"ಹೂಂ. ನಂಗೂ ಆಗುತ್ತೆ," ಎಂದಳು ಅಮೃತಮ್ಮ. ಕುರ್ಚಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. "ನಂಗೂ ಆಗುತ್ತೆ ಅಕ್ಕ."

"ಚೊಂಬು ಕೊಡಮ್ಮ. ಹೆಣದ ನೀರು ಅದು," ಎಂದು ಅಂಬಣ್ಣ ಕೈ ಚಾಚಿದ.

ಅವಳು ಚೊಂಬೆತ್ತಿ ಕುಡಿಯತೊಡಗಿದಳು. ಒಡೆದ ತುಟಿಗೆ ತುಳಸಿ ಎಲೆ ಅಂಟಿತು. ಗಂಟಲು ಗಟಗಟನೆ ಆಡುವುದನ್ನು ಎಲ್ಲರೂ ನೋಡುತ್ತ ನಿಂತರು. ಬರಿದಾದ ಚೊಂಬನ್ನು ಅಂಬಣ್ಣನಿಗೆ ಕೊಟ್ಟಳು.

"ಇನ್ನೊಂದು ತುಂಬ್ಸು."

ಅವಳ ಸೀರೆಯಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.