ದಿನಾ ಅನ್ನಿಸುತ್ತಿತ್ತು, ಯಾರೂ ಕೇಳಿರಲಿಲ್ಲ

ಪೇಂಟರ್ ಬಿದ್ದು ಏಳು ತಿಂಗಳಾಗಿತ್ತು. ಮೂರನೇ ಮಹಡಿಯ ಗೋಡೆಗೆ ಬಣ್ಣ ಹಚ್ಚುವಾಗ, ಕಟ್ಟಿದ್ದ ಸಾರುವೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕೈಗಳು ಮಾತ್ರ ಮೊದಲಿನಂತೆಯೇ ಗಟ್ಟಿ. ಆದರೂ ಅಪ್ಪನೇ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಗಾಲಿಕುರ್ಚಿಯ ಮೇಲೆ ಮಡಚದ ಬಟ್ಟೆಗಳು ಬಿದ್ದಿರುತ್ತಿದ್ದವು.

ಒಂದು ಬೆಳಿಗ್ಗೆ ಹೆಂಡತಿ ಬೇಕರಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ನಾನೊಬ್ಬ ಇಲ್ದಿದ್ರೆ ನೀವಿಬ್ರೂ ಆರಾಮಾಗಿರ್ತೀರಿ ಬಿಡು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅದಕ್ಕೇ ಅವಳು ಹೆದರಿ, ಚಪ್ಪಲಿ ಕಳಚಿ ಒಳಗೆ ಹೋಗಿ ಮಾವನಿಗೆ ಹೇಳಿದಳು.

ಅಡುಗೆಮನೆಯಲ್ಲಿ ಮಾವ ಪಿಸುಗುಟ್ಟಿದರು: "ಬೇಜಾರಲ್ಲಿ ಅಂದಿರ್ತಾನಮ್ಮ, ನೀನು ಹೊರಡು. ಗಂಡಸಾದೋನು ಸ್ವಲ್ಪ ಧೈರ್ಯ ತಂದ್ಕೋಬೇಕು ಅಷ್ಟೆ."

"ಇಲ್ಲ ಮಾವ, ನಾನು ಹೋಗಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ವ್ಯಾಯಾಮ ಮಾಡಿಸಿದ್ದ ಪುನಶ್ಚೇತನ ಕೇಂದ್ರದ ನರ್ಸಕ್ಕನಿಗೆ ಅವಳು ಫೋನ್ ಮಾಡಿ, ಅವನಂದದ್ದನ್ನು ತಿಳಿಸಿದಳು.

"ಅವ್ರನ್ನ ಒಂಟಿಯಾಗಿ ಬಿಡ್ಬೇಡಿ. ಈಗ್ಲೇ ಬಂದೆ," ಎಂದರು ಅವರು.

ನರ್ಸಕ್ಕ ಬರುವ ತನಕ ಅವಳು ಮಂಚದ ಪಕ್ಕದಿಂದ ಕದಲಲಿಲ್ಲ. ಬಂದವರು ಅವನ ಮುಖ ಕಾಣುವ ಹಾಗೆ ಕುರ್ಚಿ ಎಳೆದುಕೊಂಡು ಕುಳಿತರು. ಸುತ್ತಿ ಬಳಸಿ ಮಾತಾಡಲಿಲ್ಲ.

"ಅಣ್ಣ, ಸಾಯ್ಬೇಕು ಅನ್ನಿಸ್ತಾ ಇದ್ಯಾ?"

ಅಪ್ಪ ಕೆಂಡವಾದರು. "ಏನಮ್ಮ, ಇಲ್ಲದ್ದನ್ನ ತಲೆಗೆ ತುಂಬೋಕೆ ಬಂದ್ಯಾ?"

"ಕೇಳಿದ್ರೆ ಆ ಯೋಚನೆ ಹುಟ್ಟಲ್ಲ ಯಜಮಾನ್ರೆ. ಒಳಗಿದ್ರೆ ಆಚೆ ಬರುತ್ತೆ."

ಒಲೆಯ ಮೇಲೆ ಹಾಲು ಉಕ್ಕಿತು. ಯಾರೂ ಏಳಲಿಲ್ಲ.

"ಹೂಂ," ಎಂದ ಅವನು. "ದಿನಾ."

ಅಪ್ಪ ಮಂಚದ ಅಂಚಿಗೆ ಬಂದು ಕುಳಿತರು. "ಹೂವಿನ ಹಾಗೆ ನೋಡ್ಕೊಂಡೆನಲ್ಲೋ ಮಗನೇ!"

"ಅದೇ ಅಪ್ಪ. ಎರಡು ಕೈ ನೆಟ್ಟಗಿದ್ರೂ ತಿನ್ನಿಸ್ತೀಯ. ನಂಗೇನು ಬೇಕು ಅಂತ ಒಂದಿನ ಕೇಳಿದ್ಯಾ?"

ಬಿದ್ದ ದಿನದಿಂದ ಮೊದಲ ಸಲ ಅವನು ಬಿಕ್ಕಿ ಬಿಕ್ಕಿ ಅತ್ತ.

"ಬೆನ್ನುಹುರಿಗೆ ಪೆಟ್ಟಾದ್ರೆ ಮನಸ್ಸಿಗೂ ಪೆಟ್ಟಾಗ್ಬಹುದು," ಎಂದರು ನರ್ಸಕ್ಕ. "ಅದು ಹೇಡಿತನ ಅಲ್ಲ, ಹುಚ್ಚೂ ಅಲ್ಲ. ಅದಕ್ಕೂ ಡಾಕ್ಟರಿದ್ದಾರೆ, ನಡೀರಿ."

ಅಂದೇ ಮನೋವೈದ್ಯರನ್ನು ಕಂಡರು. ಆದರೆ ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಎಷ್ಟೋ ವಾರ ಮನೆಯವರು ಸರದಿಯಲ್ಲಿ ಅವನ ಜೊತೆಗಿದ್ದರು. ಮಾತ್ರೆ, ಆಪ್ತಸಮಾಲೋಚನೆ ಎರಡೂ ನಡೆದವು. ಹನ್ನೊಂದು ವರ್ಷದಿಂದ ಗಾಲಿಕುರ್ಚಿಯಲ್ಲೇ ಓಡಾಡುವ ಬಡಗಿಯೊಬ್ಬ ವಾರಕ್ಕೊಮ್ಮೆ ಬಂದು, ಮಂಚದಿಂದ ಕುರ್ಚಿಗೆ ಜಾರಿಕೊಳ್ಳುವ ಉಪಾಯ ತೋರಿಸಿಕೊಟ್ಟ.

"ಮೊದಲ ವರ್ಷ ನಾನು ಎಲ್ಲರನ್ನೂ ಬೈದೆ ಕಣಯ್ಯಾ. ಬೈದು ಸುಸ್ತಾದ್ಮೇಲೆ ಕೆಲ್ಸ ಕಲಿತೆ," ಎಂದಾಗ ಪೇಂಟರ್ ನಕ್ಕುಬಿಟ್ಟ.

ಈಗ ಅವನು ಬಣ್ಣದ ಅಂಗಡಿಯಲ್ಲಿ ಅರ್ಧ ದಿನ ಬಣ್ಣ ಬೆರೆಸಿಕೊಡುತ್ತಾನೆ. ಕೆಲವು ದಿನ ಮನಸ್ಸು ಇನ್ನೂ ಕುಗ್ಗುತ್ತದೆ. ಅಂಥ ದಿನ ಮುಚ್ಚಿಡದೆ ಹೇಳುತ್ತಾನೆ.

"ಮಗ ಇನ್ನು ನಡೀತಾನಾ?" ಎಂದು ಪಕ್ಕದ ಮನೆಯವರು ಕೇಳಿದರೆ ಅಪ್ಪ ತಲೆ ಎತ್ತಿಯೇ ಉತ್ತರಿಸುತ್ತಾರೆ: "ನಡೆಯಲ್ಲ. ಕೆಲಸಕ್ಕೆ ಹೋಗ್ತಾನೆ."

ಓದುಗರೇ, ಬದುಕು ಸಾಕು ಎಂಬಂಥ ಮಾತು ನಿಮ್ಮ ಮನೆಯಲ್ಲಿ ಕಿವಿಗೆ ಬಿದ್ದರೆ ಬಾಯಿಮಾತೆಂದು ತಳ್ಳಿಹಾಕಬೇಡಿ. ಹತ್ತಿರ ಕುಳಿತು ನೇರವಾಗಿ ಕೇಳಿ. ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ತಿಳಿಸಿ. ಆ ನೋವು ನಿಮ್ಮದೇ ಆಗಿದ್ದರೆ, ನಿಮ್ಮವರಲ್ಲಿ ಒಬ್ಬರಿಗೆ ಇವತ್ತೇ ಹೇಳಿ.