ತಡಿ ಎಂಬ ಹೆಸರಿನ ಸೌಜನ್ಯಾ

ಸೌಜನ್ಯಾಳಿಗೆ ಹಿಂದಕ್ಕೆ ನಡೆಯುವ ಚಟ. ಇಂಗ್ಲಿಷರ ನಾಡಿನ ಕೆಂಟನ್ನಿನಲ್ಲಿದ್ದ ಮನೆಯ ಮೆಟ್ಟಿಲುಗಳನ್ನು ಹಿಮ್ಮುಖವಾಗಿಯೇ ಹತ್ತುವಳು. ಟ್ಯೂಬ್ ರೈಲಿನ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅಪ್ಪನ ಹಳೆಯ ಬೂದು ಕೋಟಿನ ತೋಳುಗಳನ್ನು ಮಡಚಿಕೊಂಡು, ಜೊತೆಯಲ್ಲಿ ಬರುವವರಿಗೆ ಮುಖ ಕೊಟ್ಟು, ಬೆನ್ನಿಗೂ ಎರಡು ಕಣ್ಣುಗಳಿರುವವಳಂತೆ ಲೀಲಾಜಾಲವಾಗಿ ಹಿಂದೆ ಹಿಂದೆ ಸರಿಯುತ್ತ ಹರಟುವಳು. ದೀಪದ ಕಂಬವಾಗಲಿ, ಮಗುವಿನ ತಳ್ಳುಗಾಡಿಯಾಗಲಿ ಅವಳಿಗೆ ತಗುಲಿದ್ದನ್ನು ಕಂಡವರಿಲ್ಲ. "ದೆವ್ವದ ಪಾದ ಹಿಂದಮುಂದ ಇರ್ತಾವ ಅಂತಾರ. ನಮ್ಮನ್ಯಾಗಿನ ದೆವ್ವ ಮೂರ್ಹೊತ್ತೂ ಚಪಾತಿ ತಿಂತೈತಿ," ಎಂದು ತಾಯಿ ಶೋಭಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹದಿನೈದರ ಈ ಹುಡುಗಿ ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡುವವಳೆಂದೂ, ಎದುರಾಳಿ ಮುನ್ನುಗ್ಗಿ ಬರುವಾಗ ಬೆನ್ನು ತೋರದೆ ಹಿಂದಕ್ಕೆ ಜಾರುತ್ತಲೇ ದಾರಿ ಕಟ್ಟುವುದು ಆ ಸ್ಥಾನದ ಧರ್ಮವೆಂದೂ ಬಲ್ಲವರಿಗೆ ಮಾತ್ರ ಆ ನಡಿಗೆಯ ಮರ್ಮ ತಿಳಿಯುತ್ತಿತ್ತು.

ಹೆಸರಿಟ್ಟವಳು ವಿಜಯಪುರದ ಅಜ್ಜಿ. ಮನೆಗೆ ಬಂದವರ ಮುಂದೆ ಮೊಮ್ಮಗಳು ಹೆಸರಿಗೆ ತಕ್ಕಂತೆ ತಲೆ ತಗ್ಗಿಸಿ ಚಹಾ ಕೊಡುವಳು. ಆದರೆ ಸ್ಕೇಟ್ಸ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಇಳಿದಳೆಂದರೆ ಸೌಜನ್ಯದ ಲವಲೇಶವೂ ಉಳಿಯುತ್ತಿರಲಿಲ್ಲ. ಎದುರಾಳಿಯನ್ನು ದಾರಿಯೇ ಇಲ್ಲದ ಮೂಲೆಗೆ ಒತ್ತರಿಸಿ, ಪಕ್ ಎಂಬ ಆ ಕರಿಯ ರಬ್ಬರ್ ಬಿಲ್ಲೆಯನ್ನು ನಿರ್ದಾಕ್ಷಿಣ್ಯವಾಗಿ ಕಸಿದುಕೊಂಡು ಹೊರಟುಬಿಡುವಳು. ಅಲ್ಲಿ ಅವಳಿಗೆ ಬೇರೆಯೇ ಹೆಸರಿತ್ತು.

ಆ ಹೆಸರಿನ ಕರ್ತೃ ಅವಳ ಅಪ್ಪ ಜಗದೇವಪ್ಪ. ಹತ್ತಿರದ ಹ್ಯಾರೋದ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ರಸ್ತೆಯಲ್ಲಿ ಒಂದು ಸೈಕಲ್ಲೂ ಕಾಣದಿದ್ದಾಗಲೂ ಹಸಿರು ದೀಪ ಹತ್ತುವವರೆಗೆ ನಿಲ್ಲುವ, ವೈದ್ಯರ ಚೀಟಿಯನ್ನು ಮತ್ತೆ ಮತ್ತೆ ಓದದೆ ಮಾತ್ರೆ ಕೊಡದ ಜಾಯಮಾನ ಅವನದು. ಎಂಟು ವರ್ಷದ ಮಗಳು ಮೊದಲ ಸಲ ಐಸ್ ಮೇಲೆ ಜಾರಿದ ದಿನ ಅವನ ಜೀವ ಬಾಯಿಗೆ ಬಂದಿತ್ತು. "ತಡಿ! ಏ ತಡಿ! ತಡಿ ನಮ್ಮವ್ವಾ!" ಎಂದು ರಿಂಕ್ ಎಂಬ ಆ ಜಾರುವ ಅಂಗಳದ ಗಾಜಿನಾಚೆಯಿಂದ ಅವನು ಅರಚಿದ್ದೇ ಅರಚಿದ್ದು. ನಿಲ್ಲು, ಸ್ವಲ್ಪ ತಾಳು ಎಂಬುದಕ್ಕೆ ವಿಜಯಪುರದ ಸೀಮೆಯವರ ಮಾತು ಅದು. ಕೋಚ್ ಕಾಲಿನ್‌ಗೆ ಅದೇನು ಗೊತ್ತು? ಮಗುವಿನ ಮುದ್ದಿನ ಹೆಸರೆಂದೇ ಅವನು ಭಾವಿಸಿದ. "ವೆಲ್ ಡನ್, ಟಡಿ!" ಎಂದ. ಮರುವಾರದಿಂದ ಇಡೀ ರಿಂಕಿಗೆ ಅವಳು ಟಡಿಯಾದಳು, ಜಗದೇವಪ್ಪ ಸಂಕೋಚದಿಂದ ತಿದ್ದಲೂ ಇಲ್ಲ.

ಸೋಜಿಗವೆಂದರೆ, ಆ ಹೆಸರಿನ ಅರ್ಥ ತಿಳಿದಿದ್ದ ಆಟಗಾರ್ತಿ ಅವಳೊಬ್ಬಳೇ. ಓಡು, ನುಗ್ಗು ಎಂದು ಹುರಿದುಂಬಿಸಲು ಗೆಳತಿಯರು ಗಂಟಲು ಹರಿದುಕೊಂಡು ಆ ಹೆಸರನ್ನು ಕೂಗಿದಾಗಲೆಲ್ಲ ಅವಳ ಕಿವಿಗೆ ಬೀಳುತ್ತಿದ್ದುದು ಕಾಯಬೇಕೆಂಬ ಅಪ್ಪಣೆ. ಹೀಗೆ ಏಳು ವರ್ಷ ಕಾಯುತ್ತ ಕಾಯುತ್ತ ಅವಳ ಆಟಕ್ಕೆ ಒಂದು ವಿಲಕ್ಷಣ ಶಾಂತಿ ಬಂದುಬಿಟ್ಟಿತು.

ಎರಡು ಸಾವಿರದ ನಾಲ್ಕರ ವಸಂತದಲ್ಲಿ ದಕ್ಷಿಣ ಪ್ರಾಂತದ ಹುಡುಗಿಯರ ತಂಡಕ್ಕೆ ಆಯ್ಕೆಯೆಂದಾಯಿತು. ಅವಳು ಮೂರು ವರ್ಷಗಳಿಂದ ಕನವರಿಸುತ್ತಿದ್ದುದು ಅದನ್ನೇ. ಹಿಂದಿನ ವಾರ ಕಾಲಿನ್ ಜಗದೇವಪ್ಪನನ್ನು ಪಕ್ಕಕ್ಕೆ ಕರೆದು, ಸ್ಕೇಟಿಂಗ್ ಸೊಗಸು, ಸ್ಟಿಕ್ ಮೇಲಿನ ಹಿಡಿತ ಭದ್ರ, ಕಣ್ಣು ಚುರುಕು, ಆದರೆ ಪಕ್ ಮೇಲೆ ಬೀಳಲು ತಡಮಾಡುತ್ತಾಳೆ, ಆಯ್ಕೆಗಾರರಿಗೆ ಅದು ಹೆದರಿಕೆಯಂತೆ ಕಂಡೀತು ಎಂದು ಎಚ್ಚರಿಸಿದ. ಜಗದೇವಪ್ಪ ನೆಟ್ಟಗೆ ಮನೆಗೆ ಬಂದ. "ನನ್ನ ಅಂಜಿಕಿ ಆಕಿ ಕಾಲಿಗೆ ತೊಡರ್ಕೊಂಡೈತಿ," ಎಂದು ಹೆಂಡತಿಯ ಮುಂದೆ ಗೋಳಾಡಿದ. "ಮತ್ತ ನೀವು ಬಾಯಿ ಮುಚ್ಕೊಂಡ ಕುಂದರ್ರಿ," ಎಂದಳು ಶೋಭಾ. ಆಯ್ಕೆಯ ಬೆಳಿಗ್ಗೆ ಕಾರಿನಲ್ಲಿ ಅವನು ಮಗಳಿಗೆ, "ಇವತ್ತ ತಡೀಬ್ಯಾಡವ್ವಾ, ನುಗ್ಗು," ಎಂದ. "ಓಕೆ, ಅಪ್ಪಾ," ಎಂದಳು ಅವಳು.

ನುಗ್ಗಿದಳು. ನುಗ್ಗಿದಾಗಲೆಲ್ಲ ಕೆಟ್ಟಳು. ಎದುರಿನ ಹುಡುಗಿಯರು ಅವಳ ಪಕ್ಕದಿಂದ ಸರಾಗವಾಗಿ ನುಸುಳಿ ಎರಡು ಗೋಲು ಹೊಡೆದರು. ಮುಖ್ಯ ಆಯ್ಕೆಗಾರ್ತಿ ಮಿಸೆಸ್ ಹಚಿನ್ಸ್, ಕೈಕಟ್ಟಿ ನಿಂತಿದ್ದ ಆ ಎತ್ತರದ ಹೆಂಗಸು, ಟಡಿಯ ಮೇಲಿಟ್ಟಿದ್ದ ನೋಟವನ್ನು ಕಿತ್ತು ಬೇರೊಬ್ಬಳ ಮೇಲೆ ನೆಟ್ಟಳು. ಚಹಾದ ಥರ್ಮಾಸನ್ನು ಅವುಚಿಕೊಂಡು, ತುಟಿ ಕಚ್ಚಿ ಕುಳಿತಿದ್ದ ಜಗದೇವಪ್ಪನಿಗೆ ಅದು ಕಾಣದೆ ಇರಲಿಲ್ಲ.

ವಿರಾಮದಲ್ಲಿ ಹೆಲ್ಮೆಟ್ ತೆಗೆದು ಅವಳು ಅಪ್ಪನ ಹತ್ತಿರ ಬಂದಳು. "ಅಪ್ಪಾ, ವೈ ಆರ್ ಯು ಸೋ ಕ್ವೈಟ್?"

"ನೀ ನುಗ್ಗಲಿ ಅಂತ ಸುಮ್ನ ಕುಂತೀನಿ."

ಮನೆಯಲ್ಲಿ ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಪದಗಳನ್ನು ಹುಡುಕಿ ಹುಡುಕಿ, ಅಜ್ಜಿಯ ಮಾತಿನಲ್ಲಿ ಹೇಳಿದಳು: "ನುಗ್ಗಿದ್ರ ನಂಗ ಏನೂ ಕಾಣಂಗಿಲ್ಲಪ್ಪಾ. ನೀ ತಡಿ ಅಂದ್ರ ಎಲ್ಲಾ ಕಾಣಸ್ತೈತಿ."

ಜಗದೇವಪ್ಪನ ಕಣ್ಣು ತುಂಬಿಬಂತು. ಆಟ ಮತ್ತೆ ಶುರುವಾಗಿ, ಇಬ್ಬರು ಎದುರಾಳಿಗಳು ಪಕ್ ಹಿಡಿದು ಧಾವಿಸಿ ಬಂದಾಗ, ಗೋಲ್‌ಕೀಪರ್ ಹುಡುಗಿಯ ಮುಂದೆ ಸೌಜನ್ಯಾ ಒಬ್ಬಳೇ ಉಳಿದಿದ್ದಾಗ, ಅವನು ಎದ್ದು ನಿಂತ ರಭಸಕ್ಕೆ ಥರ್ಮಾಸ್ ಉರುಳಿತು. "ತಡಿ!" ಎಂದು ಆ ತಂಪು ಅಂಗಳವೆಲ್ಲ ಮೊಳಗುವಂತೆ ಕೂಗಿದ. ಅವಳು ತಡೆದಳು. ಹಿಂದಕ್ಕೆ ಜಾರುತ್ತ, ಮೊಣಕಾಲು ಬಗ್ಗಿಸಿ, ಇಬ್ಬರ ನಡುವಿನ ಹಾದಿಯನ್ನು ಸ್ಟಿಕ್ಕಿನಿಂದ ಕಾಯುತ್ತ, ಕಾಯುತ್ತ ಹೋದಳು. ಪಕ್ ಹಿಡಿದವಳಿಗೇ ತಾಳ್ಮೆ ಕೆಟ್ಟಿತು. ಅವಳು ಗೆಳತಿಯ ಕಡೆ ತಳ್ಳಿದ ಪಕ್ ನೇರವಾಗಿ ಸೌಜನ್ಯಾಳ ಸ್ಟಿಕ್ಕಿಗೆ ಬಂದು ಬಿತ್ತು. ಅವಳು ಅದನ್ನು ಹೊಡೆದ ಬಿರುಸಿಗೆ ರಿಂಕಿನ ಆ ತುದಿಯಲ್ಲಿದ್ದ ಜೊತೆಗಾತಿಗೆ ಗೋಲು ಹೊಡೆಯುವುದಷ್ಟೇ ಉಳಿದಿತ್ತು. ಅಲ್ಲಿಂದಾಚೆ ಅವಳನ್ನು ದಾಟಿದವರಿಲ್ಲ.

ಆದರೂ ಅಂಜುಬುರುಕನ ಮನಸ್ಸು ಮೊದಲ ಎರಡು ಗೋಲುಗಳಿಗೇ ಅಂಟಿಕೊಂಡಿತ್ತು. ಎಲ್ಲ ತನ್ನಿಂದಲೇ ಹಾಳಾಯಿತೆಂದು ಕಿಟ್ ಚೀಲವನ್ನು ಹೆಗಲಿಗೇರಿಸಿ ಅವನು ಕಾರಿನತ್ತ ಹೊರಟಿದ್ದ. ಮಗಳು ಯಥಾಪ್ರಕಾರ ಅವನಿಗೆ ಮುಖ ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ಅವನ ಬೆನ್ನ ಹಿಂದಿನಿಂದ ಒಂದು ಗಟ್ಟಿ ದನಿ ಕೇಳಿಸಿತು: "ಟಡಿ!"

ತನಗೇ ನಿಲ್ಲೆಂದರೆಂಬಂತೆ ಜಗದೇವಪ್ಪ ತಟ್ಟನೆ ನಿಂತುಬಿಟ್ಟ. ಆ ದೇಶದಲ್ಲಿ ಅವನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ತಿರುಗಿದರೆ ಮಿಸೆಸ್ ಹಚಿನ್ಸ್. ಮೊದಲರ್ಧದಲ್ಲಿ ಆಡಿದವಳು ಯಾರೋ ನನಗೆ ಗೊತ್ತಿಲ್ಲ, ಆಮೇಲೆ ಆಡಿದವಳು ನಮ್ಮ ತಂಡಕ್ಕೆ ಬೇಕು, ಎಂದಳು ಆಕೆ ಹುಡುಗಿಗೆ. ಆಮೇಲೆ ಅಪ್ಪನತ್ತ ತಿರುಗಿ, ಹೆಸರನ್ನು ಸರಿಯಾಗಿ ಹೇಳಿದೆನೇ ಎಂದು ಕೇಳಿದಳು.

"ಕರೆಕ್ಟ್, ಮ್ಯಾಡಮ್. ವೆರಿ ಕರೆಕ್ಟ್," ಎಂದ ಜಗದೇವಪ್ಪ, ಎದೆಯುಬ್ಬಿಸಿ.

ಹೊಡೆದ ಗೋಲು ಫಲಕದ ಮೇಲೆ ಬೆಳಗುತ್ತದೆ. ಆಗದೆ ಹೋದ ಗೋಲನ್ನು ಬರೆಯುವ ಫಲಕವನ್ನು ಯಾರೂ ಮಾಡಿಲ್ಲ. ತಪ್ಪು ಮಾತ್ರೆ ಕೈ ಸೇರದಿದ್ದುದಕ್ಕಾಗಿ ಫಾರ್ಮಸಿಸ್ಟನಿಗೆ ಕೈಮುಗಿದು ಹೋದ ರೋಗಿಯೂ ಇಲ್ಲ. ಕಾಯುವವರ ಕುಲವೇ ಅಂಥದು: ಲೋಕ ಅವರನ್ನು ಹೆದರುಪುಕ್ಕಲರೆಂದು ಕರೆದರೆ ತಾವೂ ಹಾಗೆಂದೇ ನಂಬಿ, ತಮ್ಮ ಪಾಡಿಗೆ ತಾವು ಬಾಗಿಲಲ್ಲಿ ನಿಂತಿರುತ್ತಾರೆ. ಅಂಥವರ ಮನೆಯಲ್ಲಿ ಎಲ್ಲೋ ಒಮ್ಮೆ ಒಬ್ಬಳು ಹುಟ್ಟಿ, ಅಪ್ಪ ಅಂಜಿ ಆಡಿದ ಒಂದು ಮಾತನ್ನೇ ಹೆಸರಾಗಿ ಹೊತ್ತು, ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ಹಿಂದೆ ಹಿಂದೆ ನಡೆಯುತ್ತಲೇ ಗೆದ್ದು ಬರುತ್ತಾಳೆ.